ಮಕ್ತುಂಬೀ ಕೊಟ್ಟ ಸಿಹಿ ಹಿಟ್ಟು

ಮಕ್ತುಂಬೀ ಗುರುಗುಂಟಾದಲ್ಲಿ ನಮ್ಮ ಓಣಿಯ ಸೂಲಗಿತ್ತಿ. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಐದು ವರ್ಷವಾಗಿದ್ದರೂ ಹಿಂದೂ ಮುಸ್ಲಿಮರು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲೇ ನೋಡುತ್ತಿದ್ದರು. ಹೆರಿಗೆಗೆ ಅವಳು ಬೇಕು, ಅವಳ ಮನೆಯ ನೀರು ಬೇಡ. ಅದನ್ನು ಅವಳು ಬಲ್ಲಳು, ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅದೇ ಓಣಿಯ ಪಂಪಮ್ಮನ ಮೊಮ್ಮಗನಿಗೆ ಆಗ ಎಂಟು ತಿಂಗಳು. ಎದೆಹಾಲು ಸಾಲದೆ ಕೂಸು ಕಡ್ಡಿಯಾಗಿತ್ತು. ಹಿಂದಿನ ಮೊಮ್ಮಗಳು ಹೀಗೆಯೇ ಸೊರಗಿ ತೀರಿಹೋಗಿದ್ದಳು. ಮಕ್ತುಂಬೀ ಒಂದು ಡಬ್ಬಿ ಹಿಟ್ಟು ತಂದು, ಗಂಜಿ ಕಾಯಿಸಿ ತಿನ್ನಿಸಲು ಪಂಪಮ್ಮನ ಸೊಸೆ ಅಮರಮ್ಮನಿಗೆ ಹೇಳಿದಳು. ಒಣ ಹಿಟ್ಟಿಗೆ ಮೈಲಿಗೆಯಿಲ್ಲವೆಂದು ಪಂಪಮ್ಮ ಸುಮ್ಮನಿದ್ದಳು.

ನಾಲ್ಕೇ ದಿನಕ್ಕೆ ಕೂಸು ಅಳು ನಿಲ್ಲಿಸಿ ಹಗಲಲ್ಲೂ ನಿದ್ದೆ ಮಾಡತೊಡಗಿತು. ಪಂಪಮ್ಮನಿಗೆ ಅನುಮಾನ ಬಂತು. ಹೊಲಕ್ಕೆ ಹೋಗುವ ಹೆಂಗಸರು ಕೂಸು ಅಳದಿರಲೆಂದು ಸಾಸಿವೆಯಷ್ಟು ಅಫೀಮು ನೆಕ್ಕಿಸುವುದು ಅವಳಿಗೆ ಗೊತ್ತಿತ್ತು. ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದಳು, ಸಿಹಿ. ಅಫೀಮಿನ ಕಹಿ ಮುಚ್ಚಲು ಹಾಕಿದ್ದೇ ಎಂದುಕೊಂಡಳು.

“ಬೆಲ್ಲ ಹಾಕಿಲ್ಲಂತಿ. ಸಿಹಿ ಹ್ಯಾಂಗ ಬಂತಬೇ?” ಎಂದು ಮಕ್ತುಂಬೀಯನ್ನು ಕೇಳಿದಳು.

“ಸಜ್ಜಿ, ಹೆಸರು, ಶೇಂಗಾ, ಅಷ್ಟರೀ,” ಎಂದು ಅವಳು ನೆಲ ನೋಡಿದಳು.

ಆ ನೆಲ ನೋಡಿದ್ದೇ ಕೆಟ್ಟದ್ದಾಯಿತು. ಡಬ್ಬಿ ಅಟ್ಟ ಸೇರಿತು. ಹೆರಿಗೆಗೂ ಅವಳನ್ನು ಕರೆಯಬಾರದೆಂದು ಓಣಿಯಲ್ಲಿ ಮಾತಾಯಿತು. ಕೂಸು ಮತ್ತೆ ಅಳಲು ಹತ್ತಿತು, ವಾರದಲ್ಲಿ ಅಳಲೂ ತ್ರಾಣವಿಲ್ಲದಂತಾಯಿತು.

ಒಂದು ಮುಂಜಾನೆ ಪಂಪಮ್ಮ ಡಬ್ಬಿ ಇಳಿಸಿ, ದೊಡ್ಡ ಬಟ್ಟಲು ಗಂಜಿ ತಾನೇ ಕುಡಿದು, ಕಟ್ಟೆಯ ಮೇಲೆ ನಿದ್ದೆಗಾಗಿ ಕಾಯುತ್ತ ಕುಳಿತಳು. “ಪಂಪಕ್ಕ, ತಲಿದಿಂಬು ತರಲೇನ?” ಎಂದು ಹೋಗುವವರೆಲ್ಲ ಕೆಣಕಿದರು. ಹೊತ್ತು ನೆತ್ತಿಗೇರಿದರೂ ನಿದ್ದೆ ಬರಲಿಲ್ಲ. ಹಸಿವೂ ಆಗಲಿಲ್ಲ.

ನೇರ ಮಕ್ತುಂಬೀ ಮನೆಗೆ ನಡೆದಳು. ಕಟ್ಟೆಯ ಬಳಿ ಆಡುತ್ತಿದ್ದ ನಾನೂ ಹಿಂದೆ ಹೋದೆ. ತೊಲೆಗೆ ಒದ್ದೆ ಬಟ್ಟೆಯ ಗಂಟು ತೂಗುತ್ತಿತ್ತು. ಒಳಗೆ ಮೊಳಕೆಯೊಡೆದ ಸಜ್ಜೆ.

“ಮೊಳಕಿ ಒಡದ್ರ ಕಾಳು ತಾನ ಸಿಹಿ ಆಕ್ಕಾವರೀ. ಆಮ್ಯಾಲ ಒಣಗಿಸಿ, ಹುರದು ಬೀಸ್ತೀನಿ. ನೆನಿಯಾಕ ಇಟ್ಟಿದ್ದು ನಮ್ಮನಿ ನೀರಾಗ. ಅದಕ್ಕ ಹೇಳಲಿಲ್ಲ,” ಎಂದಳು ಮಕ್ತುಂಬೀ.

ಪಂಪಮ್ಮ ಗಂಟನ್ನೊಮ್ಮೆ ನೋಡಿದಳು. ಮನೆಗೆ ಹೋಗಿ ಒಂದು ಕೊಡ ನೀರು ಹೊತ್ತು ತಂದಳು.

“ನೀರು ನಂದು, ಕೈ ನಿಂದು. ನಾ ಇಲ್ಲೇ ಕುಂದ್ರತೀನಿ.”

ಹೊಸ ಹಿಟ್ಟಿಗೆ ಕಾಯದೆ ಅಂದು ಸಂಜೆಯೇ ಕೂಸಿಗೆ ಡಬ್ಬಿಯಲ್ಲಿ ಉಳಿದಿದ್ದ ಹಿಟ್ಟಿನ ಗಂಜಿ ಕಾಯಿಸಿದರು. ಆಮೇಲೆ ಪಂಪಮ್ಮ ಪ್ರತಿ ವಾರ ಕೊಡ ಹೊತ್ತು ಬರುತ್ತಿದ್ದಳು. ಕೂಸು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಬರಿಗೈಯಲ್ಲಿ ಬರತೊಡಗಿದಳು. ಕೊಡ ಮರೆತಳೋ, ಬಿಟ್ಟಳೋ ತಿಳಿಯದು. ಹುರಿಯುವಾಗ ಮಾತ್ರ ಮಕ್ತುಂಬೀಯ ಕೈಯ ಮೇಲಿನ ಕಣ್ಣು ಕೊನೆತನಕ ತೆಗೆಯಲಿಲ್ಲ.