ಗುಡ್ಡದ ನೆತ್ತಿಯಲ್ಲಿ ತೊರೆಯಂಚಿನ ಮರಗಳು

ಬೆಳಗಿನ ಆರು ಗಂಟೆ. ಗುಡ್ಡದ ನೆತ್ತಿಯ ಕಾಡಿನಲ್ಲಿ ಮಂಡಿಯೂರಿ ಕುಳಿತ ಮಣ್ಣಕ್ಕ ಆಗಷ್ಟೇ ಅಗೆದ ಮಣ್ಣನ್ನು ಹಿಚುಕಿ, ಮೂಸಿ, ಮತ್ತೆ ಮೂಸುತ್ತಾರೆ. ಪಕ್ಕದಲ್ಲಿ ಅರಣ್ಯ ಸಂಶೋಧನಾ ಕೇಂದ್ರದ ಅಧಿಕಾರಿ ಕೈಕಟ್ಟಿ ನಿಂತಿದ್ದಾರೆ. ಕೇಂದ್ರದಲ್ಲಿ ಎಲ್ಲರಿಗೂ ಮಣ್ಣಕ್ಕ ಬರೀ ಮಣ್ಣಕ್ಕನೇ. ಹಾಜರಿ ಪುಸ್ತಕದ ಹೆಸರು ಗಂಡನಿಗಾದರೂ ನೆನಪಿದೆಯೋ ಇಲ್ಲವೋ.

ಹತ್ತೊಂಬತ್ತು ವರ್ಷಗಳಿಂದ ಒಂದೇ ಕೆಲಸ. ಗುರುತು ಹಾಕಿದ ಜಾಗದಲ್ಲಿ ಗೇಣುದ್ದ ಅಗೆದು, ಮಣ್ಣನ್ನು ಚೀಲಕ್ಕೆ ತುಂಬಿ, ಒಂದು ಚೀಟಿ ಒಳಗಿಟ್ಟು, ಇನ್ನೊಂದನ್ನು ಹೊರಗೆ ಕಟ್ಟುವುದು. ದಿನಕ್ಕೆ ಹನ್ನೆರಡು ಗುಂಡಿ, ಬೆನ್ನ ಮೇಲೆ ಹದಿನೆಂಟು ಕಿಲೋ. ಯಾವ ಮಣ್ಣಿನಲ್ಲಿ, ಯಾವ ಇಳಿಜಾರಿನಲ್ಲಿ ಎಷ್ಟು ಬಗೆಯ ಗಿಡಮರ ಬೆಳೆಯುತ್ತವೆ ಎಂಬ ಅಧ್ಯಯನವೆಲ್ಲ ನಿಂತಿರುವುದು ಈ ಚೀಲಗಳ ಮೇಲೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ಇವರ ಕೈಗೆ, ಮೊಸರು ವರದಿ ಬರೆದವರ ಬಾಯಿಗೆ.

ಈ ಹದಿನೇಳನೇ ಗುಂಡಿಯ ಮಣ್ಣು ಸಾರವಿಲ್ಲದ ಒಣ ಮರಳು ಎಂದು ಕಳೆದ ವಾರ ಪ್ರಯೋಗಾಲಯ ಹೇಳಿತು. ಆದರೆ ಸುತ್ತಲೂ ಮೂವತ್ತೊಂದು ಜಾತಿಯ ಗಿಡಮರಗಳಿವೆ, ಹೆಚ್ಚಿನವು ತೊರೆಯಂಚಿನಲ್ಲಿ ಮಾತ್ರ ಬದುಕುವಂಥವು. ಚೀಲ ಅದಲುಬದಲಾಗಿದೆ ಎಂದರು ಅಧಿಕಾರಿ. ಒಂದು ತಪ್ಪಾದರೆ ಉಳಿದವನ್ನು ನಂಬುವುದು ಹೇಗೆ? ಈ ವರ್ಷದ ಇನ್ನೂರ ನಲವತ್ತು ಚೀಲಗಳನ್ನೂ ಎಸೆದು, ಕೆಲಸವನ್ನು ಬೇರೆಯವರಿಗೆ ಕೊಡುವ ಮಾತು ಬಂತು.

ಮಣ್ಣಕ್ಕ ಕಕ್ಕಾಬಿಕ್ಕಿ. ಸಿಟ್ಟು ಮಾಡಿಕೊಳ್ಳಲೂ ತಾನು ಸರಿಯೆಂಬ ಧೈರ್ಯ ಬೇಕಲ್ಲ! "ತಪ್ಪು ನಂದಾ, ಗುಡ್ಡದ್ದಾ, ಒಂದೂ ತಿಳೀಲಿಲ್ಲ. ಆ ವಾರ ಚಹಾಕ್ಕೂ ಉಪ್ಪು ಹಾಕ್ಬಿಟ್ಟೆ," ಎನ್ನುತ್ತಾರೆ. ಗಂಡ ಅದನ್ನೂ ಕೊನೆಯ ಗುಟುಕಿನವರೆಗೆ ಕುಡಿದು ಲೋಟ ಇಟ್ಟರಂತೆ. ಅದನ್ನು ಕಂಡು ಇವರಿಗೆ ಅಳುವೇ ಬಂತು.

ಇವತ್ತು ಅಧಿಕಾರಿಯ ಎದುರೇ ಮತ್ತೆ ಅಗೆದಿದ್ದಾರೆ. ಬಂದಿರುವುದು ಅದೇ ಒಣ ಮರಳು. ಹಾಗಾದರೆ ಚೀಲ ಸರಿಯೇ ಇತ್ತು. ಮತ್ತೆ ಈ ಮರಗಳು ಏನು ಕುಡಿದು ಬದುಕಿವೆ? ಈಗ ತಲೆ ಕೆರೆದುಕೊಳ್ಳುವ ಸರದಿ ಇಬ್ಬರದೂ. ಗೇಣಿಗೆ ನಿಲ್ಲಿಸಬೇಕೆಂಬ ನಿಯಮವನ್ನು ಮಣ್ಣಕ್ಕ ಮೊದಲ ಬಾರಿಗೆ ಮುರಿಯುತ್ತಾರೆ. ಎರಡು ಮೊಳ ಇಳಿದಾಗ ಗುದ್ದಲಿಗೆ ಅಂಟಿಕೊಂಡು ಬರುವುದು ಕಪ್ಪನೆಯ ಒದ್ದೆ ಜೇಡಿಮಣ್ಣು. ನಾಲ್ಕು ಹೆಜ್ಜೆ ಆಚೆ ಅಗೆದರೆ ಮೊಳಕ್ಕೇ ಬಂಡೆ. ಅಂದರೆ ನೆತ್ತಿಯ ಬಂಡೆಯಲ್ಲೊಂದು ದೊಡ್ಡ ಬೋಗುಣಿಯಂಥ ತಗ್ಗಿದೆ, ಮಣ್ಣೂ ನೀರೂ ಅದರಲ್ಲಿ ನಿಂತಿವೆ.

ಅಧಿಕಾರಿ ಪುಸ್ತಕ ತೆರೆದು, ಏನು ಬರೆಯಲಿ ಎಂದು ಮೆಲ್ಲಗೆ ಕೇಳುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಇವರನ್ನು ಹಾಗೆ ಕೇಳಿದ್ದಿಲ್ಲ. ಮಣ್ಣಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಮೇಲೆ ಒಣ, ಕೆಳಗೆ ಒದ್ದೆ ಅಂತ ಬರೀರಿ ಸಾರ್. ಇಂಥ ಮಣ್ಣು ಇಷ್ಟು ಎತ್ತರಕ್ಕೆ ಹೇಗೆ ಬಂತೋ ನಂಗೊತ್ತಿಲ್ಲ, ಅದನ್ನೂ ಬರೀರಿ. ಆದ್ರೆ ಚೀಲ ಬದಲಾಗಿರ್ಲಿಲ್ಲ ಅಂತ ಮೊದಲು ಬರೀರಿ."