ಹದಿನೇಳನೆಯ ಪುಟದ ಚುಕ್ಕೆ

ಅವರ ಬಲಗೈಯ ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಯಾವಾಗಲೂ ಸೀಮೆಸುಣ್ಣದ ಬಿಳಿ ಹತ್ತಿರುತ್ತಿತ್ತು. ಡಸ್ಟರು ಹಿಡಿದದ್ದನ್ನು ನಾನು ನೋಡಿಲ್ಲ. ತಪ್ಪಿದ ಸಾಲನ್ನು ಅಂಗೈಯ ಅಂಚಿನಿಂದ ಉಜ್ಜಿ ಅಲ್ಲೇ ಮುಂದುವರಿಸುತ್ತಿದ್ದರು. ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್, "ಮೇಡಂ, ಎಡಗೈಯಲ್ಲಿ ಹಿಡ್ಕೊಳ್ಳಿ, ಇಲ್ಲದಿದ್ರೆ ಎಲ್ಲರ ಅಂಗಿ ಬಿಳಿ ಆಗ್ತದೆ" ಎಂದು ತಮಾಷೆ ಮಾಡುತ್ತಿದ್ದ. ಪುತ್ತೂರಿನ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಅವರು ಜಾಲ್ಸೂರಿನ ಮೇಡಂ. ಅವರೂ ನಾನೂ ಒಂದೇ ವರ್ಷ ಭೌತಶಾಸ್ತ್ರ ವಿಭಾಗಕ್ಕೆ ಸೇರಿದವರು. ಹದಿನಾಲ್ಕು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತವರು.

ಒಂದೇ ವರ್ಷ ಸೇರಿದ್ದೇ ನನ್ನ ಕಷ್ಟವಾಯಿತು. ಅವರು ಹಿರಿಯರಾಗಿದ್ದರೆ ಗೌರವ ಎಂದು ಹೆಸರಿಟ್ಟು ಸುಮ್ಮನಿರಬಹುದಿತ್ತು. ನಾನು ಎರಡು ಪುಟ ಬರೆದು ತಲುಪುವಲ್ಲಿಗೆ ಅವರು ಎರಡು ಸಾಲಿನಲ್ಲಿ ತಲುಪುತ್ತಿದ್ದರು. ಒಮ್ಮೆ ನನ್ನ ಹತ್ತಿರ ಸಂಶಯ ಕೇಳಲು ಬಂದ ವಿದ್ಯಾರ್ಥಿನಿ ಅರ್ಧದಲ್ಲೇ, "ಆಯ್ತು ಸರ್, ಜಾಲ್ಸೂರು ಮೇಡಂ ಹತ್ರ ಕೇಳ್ತೇನೆ" ಎಂದು ಎದ್ದಳು. ಅವಳು ಕೂತಿದ್ದ ಸ್ಟೂಲು ಇನ್ನೂ ನಮ್ಮ ಕೋಣೆಯಲ್ಲಿದೆ.

ಮೇಡಂ ಸಂಶೋಧನೆ ಮಾಡುತ್ತಿದ್ದದ್ದು ಪ್ಲಾಸ್ಮಾದ ಬಗ್ಗೆ. ಎಲೆಕ್ಟ್ರಾನುಗಳು ಪರಮಾಣುಗಳನ್ನು ಬಿಟ್ಟು ಸಡಿಲವಾಗಿ ಓಡಾಡುವಷ್ಟು ಕಾದ ಅನಿಲ ಅದು. ಅದರೊಳಗೆ ಧನ ವಿದ್ಯುದಾವೇಶದ ಕಣವೊಂದು ವೇಗವಾಗಿ ನುಗ್ಗಿದರೆ ಎಲೆಕ್ಟ್ರಾನುಗಳು ಅದರತ್ತ ಧಾವಿಸುತ್ತವೆ. ತಲುಪುವಾಗ ತಡವಾಗಿರುತ್ತದೆ, ಕಣ ಮುಂದೆ ಹೋಗಿರುತ್ತದೆ. ಹಾಗೆ ತಡವಾದವುಗಳ ಗುಂಪು ಹಿಂದೆ ಅಲೆಯಾಗಿ ತೂಗಾಡುತ್ತದೆ. ಆ ಜಾಡಿನ ಲೆಕ್ಕ ಅವರದ್ದು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನನಗೆ ವಿವರಿಸಿದ್ದರು: "ಬಸ್ಸು ಹೋದ ಮೇಲೆ ತರಗೆಲೆ ನೋಡಿ ಮಾರಾಯ್ರೆ. ಕೆಲವು ಹಿಂದೆಯೇ ಓಡ್ತದೆ, ಕೆಲವು ವಾಪಾಸು ಬರ್ತದೆ. ಹಿಂದಿನಿಂದ ಬರುವ ಕಣವೂ ಹಾಗೆಯೇ. ಅಲೆಯ ಒಂದು ಕಡೆ ಇದ್ರೆ ಅಲೆ ಅದನ್ನು ಮುಂದೆ ಎಳೀತದೆ, ಇನ್ನೊಂದು ಕಡೆ ಇದ್ರೆ ಹಿಂದೆ."

"ಮುಂದಿನದ್ದಕ್ಕೆ ಎಂತ ಆಗ್ತದೆ?" ಎಂದು ಕೇಳಿದೆ.

"ಅದು ನಿಧಾನ ಆಗ್ತದೆ. ಅದರ ಶಕ್ತಿಯಿಂದಲೇ ಅಲ್ವಾ ಆ ಅಲೆ ಏಳುದು? ಪುಕ್ಕಟೆ ಎಲ್ಲಿಂದ ಬರ್ಬೇಕು?"

ಅವರು ಹೇಳಿದ್ದು ಕಣದ ವಿಷಯ. ನಾನು ಅದನ್ನು ಅವರ ಹಿಂದೆ ಬರುವ ನನ್ನ ವಿಷಯವೆಂದೇ ಕೇಳಿಸಿಕೊಂಡು ಮುಖ ತಿರುಗಿಸಿದೆ.

ಒಂದು ದಿನ ನಲವತ್ತು ಪುಟಗಳ ಕೈಬರಹ ನನ್ನ ಮುಂದಿಟ್ಟರು. "ಕಳಿಸುವ ಮೊದಲು ಒಮ್ಮೆ ನೋಡಿ. ನಿಮ್ಮ ಕಣ್ಣು ನಿಧಾನ. ನಂಗೆ ಅದೇ ಬೇಕಾದ್ದು." ಹದಿನೇಳನೆಯ ಪುಟದಲ್ಲಿ ಒಂದು ಋಣ ಚಿಹ್ನೆ ಬಿಟ್ಟುಹೋಗಿತ್ತು. ಅದರಿಂದಾಗಿ ಹಿಂದೆ ಹೋದಷ್ಟು ಕುಗ್ಗಬೇಕಾದ ಅಲೆ ಬೆಳೆಯುತ್ತಲೇ ಹೋಗುತ್ತಿತ್ತು. ಅವರ ನಕ್ಷೆಯಲ್ಲಿ ಕಣದ ಹತ್ತಿರದ ಭಾಗವಷ್ಟೇ ಇದ್ದುದರಿಂದ ತಪ್ಪು ಎದ್ದು ಕಾಣುತ್ತಿರಲಿಲ್ಲ. ಅಭ್ಯಾಸದಂತೆ ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ. ಮೊದಲ ಬಾರಿಗೆ ಒಂದು ಜಾಗಕ್ಕೆ ನಾನು ಅವರಿಗಿಂತ ಮುಂಚೆ ತಲುಪಿದ್ದೆ. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ರಬ್ಬರು ತೆಗೆದುಕೊಂಡು ಆ ಚುಕ್ಕೆಯನ್ನು ಅಳಿಸಿದೆ.

"ಎಲ್ಲ ಸರಿ ಉಂಟು" ಎಂದು ಹೇಳಿ ಕೊಟ್ಟೆ.

ನಾಲ್ಕು ತಿಂಗಳ ನಂತರ ಸಂಶೋಧನಾ ಪತ್ರಿಕೆಯವರು ಲೇಖನವನ್ನು ತಿರಸ್ಕರಿಸಿ ಕಳಿಸಿದರು. ಕಾರಣ ಆ ಚಿಹ್ನೆಯೇ. ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದಾಗ ಮೇಡಂ ಆ ಕೈಬರಹದ ಹದಿನೇಳನೆಯ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದರು.

"ಇಲ್ಲಿ ಒಂದು ಚುಕ್ಕೆ ಇತ್ತು" ಎಂದರು. ನಾನು ಬುತ್ತಿಯ ಮುಚ್ಚಳವನ್ನು ಮತ್ತೆ ಹಾಕಿದೆ. ಅವರು ಮಜ್ಜಿಗೆಯ ಬಾಟಲಿಯನ್ನು ನನ್ನ ಕಡೆಗೆ ದೂಡಿದರು. "ಊಟ ಮಾಡಿ, ಮುಂದಿನ ಪೀರಿಯಡ್ ನಿಮ್ದೇ."

ಮತ್ತೆಂದೂ ಆ ಮಾತು ಎತ್ತಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಎತ್ತಿದರು. ಮುಂದಿನ ಲೇಖನದ ಕೈಬರಹವನ್ನೂ ತಂದು ನನ್ನ ಮುಂದೆಯೇ ಇಟ್ಟು, "ಈ ಸಲ ಅಳಿಸ್ಬೇಡಿ ಆಯ್ತಾ?" ಎಂದರು. ನಕ್ಕದ್ದು ಅವರೇ. ಬೈದಿದ್ದರೆ ನಾವು ಸಮವಾಗುತ್ತಿದ್ದೆವು. ಅಲ್ಲಿಯೂ ಅವರೇ ಮುಂದಾದರು ಎಂದು ನನಗೆ ಹೊಟ್ಟೆ ಉರಿಯಿತು. ಕ್ಷಮೆ ಕೇಳುವುದನ್ನು ದಿನ ದಿನ ಮುಂದೂಡಿದೆ.

ಕಳೆದ ಮಳೆಗಾಲದಲ್ಲಿ ಜ್ವರವೆಂದು ರಜೆ ಹಾಕಿದವರು ಎಂಟನೆಯ ದಿನಕ್ಕೆ ಇನ್ನಿಲ್ಲವಾದರು. ತಿಂಗಳು ಕಳೆದ ಮೇಲೆ ಅವರ ಯಜಮಾನರು ಕಾಲೇಜಿಗೆ ಒಂದು ಫೈಲು ತಂದುಕೊಟ್ಟರು. "ಇದು ನಿಮ್ಗೆ ಅಂತ ಹೇಳಿದ್ದಳು. ನಂಗೆ ಇದ್ರಲ್ಲಿ ಎಂತದ್ದೂ ಗೊತ್ತಾಗುದಿಲ್ಲ."

ಅದರಲ್ಲಿ ಅವರ ಕೊನೆಯ ಲೇಖನದ ಮೂವತ್ತೊಂದು ಪುಟಗಳಿದ್ದವು. ಒಂಬತ್ತನೆಯ ಪುಟದ ಅಂಚಿನಲ್ಲಿ ಅವರೇ ಒಂದು ಪೆನ್ಸಿಲ್ ಚುಕ್ಕೆ ಇಟ್ಟಿದ್ದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಇಲ್ಲಿ ಸಂಶಯ. ನೀವು ನೋಡಿ."

ಆ ಒಂದು ಸಾಲಿಗೆ ನನಗೆ ಹನ್ನೊಂದು ದಿನ ಬೇಕಾಯಿತು. ಮೂರು ದಾರಿಯಿಂದ ಹೋಗಿ ನೋಡಿದೆ. ಅವರಿಗೇ ನಂಬಿಕೆಯಿಲ್ಲದಿದ್ದ ಆ ಸಾಲು ಕೂಡ ಸರಿಯಾಗಿಯೇ ಇತ್ತು. ಹಳೆಯ ಉರಿ ಮತ್ತೊಮ್ಮೆ ಎದ್ದಿತು. ಚುಕ್ಕೆಯನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ, ಈ ಸಲ ಪೆನ್ನಿನಲ್ಲಿ, ಬರೆದೆ: ಎಲ್ಲ ಸರಿ ಉಂಟು.