ಕಂಪ್ಯೂಟರ್ ಸರಿ ಐತೆ ಅಂದೆ

ಓಬಳೇಶನ ಕೈಗಳು ಚೆನ್ನಾಗಿದ್ದಾಗಲೇ, ಅವು ಹೋಗಿವೆ ಎಂದು ಅವನನ್ನು ನಂಬಿಸಿದವನು ನಾನು. ಅವನ ಕಂಪ್ಯೂಟರಿಗೆಂದು ಅವನಪ್ಪ ಟಗರು ಮಾರಿ ತರಿಸಿದ ಗ್ರಾಫಿಕ್ಸ್ ಕಾರ್ಡನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಅವನದಕ್ಕೆ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯದೊಂದನ್ನು ಕೂರಿಸಿದೆ. ಇಷ್ಟೇ ಆಗಿದ್ದರೆ ಅದನ್ನು ಕಳ್ಳತನ ಎಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಆಮೇಲೆ ನಾನು ಆಡಿದ ಒಂದು ಮಾತಿದೆ — ಅದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಓಬಳೇಶ ಧರ್ಮಪುರದ ಹತ್ತಿರದ ಹಳ್ಳಿಯವನು. ಹಿರಿಯೂರಿನಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಒಂದೇ ಬೆಂಚು. ಕಾಲೇಜಿನಿಂದ ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದಾಗ ಅವನು ಬಂಡೆಯೊಂದರ ಮೇಲೆ ಕೂತವನು ಏಳಲು ಒದ್ದಾಡಿದ. ತೊಡೆಯ ಮೇಲೆ ಕೈ ಊರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವವನ ಹಾಗೆ ಎದ್ದ. ಹುಡುಗರು ನಕ್ಕರು. ನಾನೂ ನಕ್ಕೆ. ಅದು ಮಾಂಸಖಂಡಗಳು ಸೊರಗುತ್ತಾ ಹೋಗುವ ಕಾಯಿಲೆ ಎಂದು ಆಮೇಲೆ ದಾವಣಗೆರೆಯ ಡಾಕ್ಟರು ಹೇಳಿದರು. ಮೊದಲು ಕಾಲು ಹೋಗುತ್ತದೆ, ಮುಂದೆ ಯಾವಾಗಲೋ ಕೈಗೂ ಬರಬಹುದು, ಯಾವಾಗ ಎಂದು ಹೇಳಲಾಗುವುದಿಲ್ಲ — ಹೀಗೆ. ಪಿಯುಸಿ ಮುಗಿಯುವ ಹೊತ್ತಿಗೆ ಅವನು ಮಂಚ ಮತ್ತು ಗಾಲಿಕುರ್ಚಿಗೆ ಸೇರಿದ್ದ. ನಾನು ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಕ್ಕೆ ಸೇರಿದೆ.

ಅವನ ಮನೆಯಲ್ಲಿ ಕುರಿ ಸಾಕುತ್ತಾರೆ, ಮಳೆ ಬಂದರೆ ಶೇಂಗಾ ಹಾಕುತ್ತಾರೆ. ಹಟ್ಟಿಯ ಕಡೆಗೆ ಕಿಟಕಿ ಇದ್ದ ಒಂದು ಸಣ್ಣ ಕೋಣೆ ಅವನದು. ಅಲ್ಲಿ ನಾನೇ ಜೋಡಿಸಿಕೊಟ್ಟ ಒಂದು ಹಳೆಯ ಕಂಪ್ಯೂಟರ್. ಅದರಲ್ಲಿ ಊರವರ ಲಗ್ನಪತ್ರಿಕೆ, ಶಾಲೆಯ ಹುಡುಗರ ಅರ್ಜಿ, ಫೋಟೊ ತಿದ್ದುವುದು ಎಲ್ಲ ಮಾಡುತ್ತಿದ್ದ. ಉಳಿದ ಹೊತ್ತು ಗೇಮ್. ಗುಂಪು ಕಟ್ಟಿಕೊಂಡು ಆನ್‌ಲೈನ್‌ನಲ್ಲಿ ಆಡುವ ಯುದ್ಧದ ಗೇಮ್. ಅವನ ಗುಂಪಿನಲ್ಲಿ ಹುಬ್ಬಳ್ಳಿಯವರಿದ್ದರು, ಮಂಗಳೂರಿನವರಿದ್ದರು. ಅವರಲ್ಲಿ ಯಾರಿಗೂ ಅವನು ನಡೆಯಲಾರ ಎಂದು ಗೊತ್ತಿರಲಿಲ್ಲ.

"ಅಲ್ಲಿ ಎಲ್ಲಾರ್ಗಿಂತ ಮುಂದೆ ಓಡೋನು ನಾನೇ ಕಣ್ಲೇ ತಿಪ್ಪಾ," ಎಂದು ಒಮ್ಮೆ ಹೇಳಿದ್ದ.

ಗೇಮ್‌ನ ಹೊಸ ಆವೃತ್ತಿ ಬಂದ ಮೇಲೆ ಆ ಹಳೆಯ ಯಂತ್ರ ಏದುಸಿರು ಬಿಡತೊಡಗಿತು. ಚಿತ್ರ ತಡೆತಡೆದು ಬರುತ್ತಿತ್ತು. ಏನೇನು ಬದಲಿಸಬೇಕು ಎಂದು ಕೇಳಿದ. ಹೇಳಿದೆ — ರ‍್ಯಾಮ್ ಹೆಚ್ಚಿಸಬೇಕು, ಹಾರ್ಡ್ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಬೇಕು, ಮುಖ್ಯವಾಗಿ, ಗೇಮ್‌ನ ಚಿತ್ರವನ್ನು ಪರದೆಯ ಮೇಲೆ ಓಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡು. ಅದಿಲ್ಲದೆ ಉಳಿದದ್ದು ಎಷ್ಟು ಹಾಕಿದರೂ ಅಷ್ಟೆ. ಅವನಪ್ಪನಿಗೆ ಇದೊಂದೂ ಅರ್ಥವಾಗುತ್ತಿರಲಿಲ್ಲ. ಆದರೂ ಹಬ್ಬಕ್ಕೆಂದು ಮೇಯಿಸಿದ್ದ ಟಗರುಗಳನ್ನು ಸಂತೆಗೆ ಹೊಡೆದುಕೊಂಡು ಹೋದ. ಹಣ ನನ್ನ ಕೈಗಿಟ್ಟು, "ಚೆನ್ನಾಗಿರೋದೇ ಹಾಕಪ್ಪ. ಅವನಿಗೆ ಇನ್ನೇನೈತೆ," ಎಂದ.

ಕಾರ್ಡು ಬೆಂಗಳೂರಿನಿಂದ ಬಂತು. ನಾನು ಅದನ್ನು ಡಬ್ಬಿಯಿಂದ ತೆಗೆದು, ಸರಿಯಿದೆಯೇ ನೋಡೋಣವೆಂದು ನನ್ನ ರೂಮಿನ ಕಂಪ್ಯೂಟರಿಗೆ ಹಾಕಿದೆ. ಪರೀಕ್ಷೆಗೆ ಮಾತ್ರ ಎಂದುಕೊಂಡೇ ಹಾಕಿದ್ದು. ಅದೇ ಗೇಮ್ ಶುರು ಮಾಡಿದೆ. ಅದು ಓಡಿದ ರೀತಿಯನ್ನು ಹೇಗೆ ಹೇಳಲಿ — ನಾನು ಆವರೆಗೆ ಆಡಿದ್ದು ಗೇಮೇ ಅಲ್ಲ ಅನ್ನಿಸಿತು. ಆಗ ನನಗೂ ಒಂದು ಹುಚ್ಚಿತ್ತು. ಆಟವಾಡುತ್ತಾ ಅದನ್ನು ಜನರಿಗೆ ನೇರವಾಗಿ ತೋರಿಸುವ ಚಾನೆಲ್ ಮಾಡಬೇಕು, ಹೆಸರು ಮಾಡಬೇಕು, ಅಂಗಡಿಯ ಧೂಳು ಕುಡಿಯುವ ಕೆಲಸದಿಂದ ಪಾರಾಗಬೇಕು. ಒಂದು ವಾರ ಇಟ್ಟುಕೊಂಡು ಕೊಟ್ಟರಾಯಿತು ಅಂದುಕೊಂಡೆ. ವಾರ ಕಳೆಯಿತು. ಬಿಚ್ಚಲು ಕೈ ಬರಲಿಲ್ಲ.

ಆಮೇಲೆ ಮಾಡಿದ್ದನ್ನು ಮರೆವು, ಆಸೆ, ಕಷ್ಟ ಎಂದೆಲ್ಲ ಹೇಳಲು ಬರುವುದಿಲ್ಲ. ಕೂತು ಯೋಚಿಸಿ ಮಾಡಿದೆ. ಅಂಗಡಿಯ ಹಳೆಯ ಕಾರ್ಡೊಂದನ್ನು ತೆಗೆದುಕೊಂಡು ಅದರೊಳಗಿನ ಪ್ರೋಗ್ರಾಂ ಬದಲಿಸಿದೆ. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಹೊಸ ಕಾರ್ಡಿನ ಹೆಸರೇ ಕಾಣಬೇಕು, ಹಾಗೆ. ಶಕ್ತಿ ಹಳೆಯದು, ಹೆಸರು ಹೊಸದು. ಧರ್ಮಪುರದ ಬಸ್ಸಿನಲ್ಲಿ ಅದನ್ನು ಹೊಸ ಡಬ್ಬಿಯಲ್ಲೇ ಇಟ್ಟುಕೊಂಡು ಹೋದೆ.

ರ‍್ಯಾಮ್, ಎಸ್‌ಎಸ್‌ಡಿ ನಿಜವಾದವೇ. ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ಯಂತ್ರ ಎದ್ದು ಕೂತಿತು. ಓಬಳೇಶ ಹಿಗ್ಗಿದ. ಕಾರ್ಡಿನ ಹೆಸರು ತೆರೆದು ತಾಯಿಗೆ ತೋರಿಸಿದ. ಈರಮ್ಮ ಪರದೆಯನ್ನಲ್ಲ, ಮಗನ ಮುಖವನ್ನು ನೋಡುತ್ತಾ ನಿಂತಿದ್ದರು. ನನಗೆ ಮುದ್ದೆ, ಉಪ್ಸಾರು ಬಡಿಸಿದರು. ಉಂಡೆ.

ಕೆಲವು ದಿನಗಳಲ್ಲಿ ಫೋನ್ ಬಂತು.

"ಲೇ, ಒಬ್ನೇ ಅಡ್ಡಾಡೋವಾಗ ಚೆನ್ನಾಗೈತೆ. ಎದುರಿಗೆ ನಾಕು ಜನ ಬಂದ್ರೆ ಮುಗೀತು. ನಾನು ಗನ್ ಎತ್ತೋ ಹೊತ್ಗೆ ಸತ್ತಿರ್ತೀನಿ. ಕಾರ್ಡ್ ಏನಾರಾ ಹೋಗೈತಾ?"

ಹೋದೆ. ಫೋನಿನಲ್ಲೇ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಅವನು ಬೇರೆ ಯಾರಿಗಾದರೂ ತೋರಿಸಿದರೆ ಎಂಬ ಭಯ. ಅವನ ಜಾಗದಲ್ಲಿ ಕೂತೆ. ಗೇಮ್‌ನಲ್ಲಿ ಅಭ್ಯಾಸಕ್ಕೆಂದು ಒಂದು ಖಾಲಿ ಮೈದಾನವಿರುತ್ತದೆ. ಅಲ್ಲಿ ಶತ್ರುಗಳಿಲ್ಲ, ಹೊಗೆಯಿಲ್ಲ, ಸ್ಫೋಟವಿಲ್ಲ. ಯಾವ ಮುದಿ ಕಾರ್ಡಿನಲ್ಲಾದರೂ ಅದು ಓಡುತ್ತದೆ. ಅದನ್ನೇ ತೆರೆದೆ, ಅವನು ಗಮನಿಸುವ ಮೊದಲು ಚಿತ್ರದ ಗುಣಮಟ್ಟವನ್ನೂ ಇಳಿಸಿದೆ. ಗುರಿಹಲಗೆಗಳಿಗೆ ಪಟಪಟನೆ ಹೊಡೆದೆ. ಒಂದೂ ತಪ್ಪಲಿಲ್ಲ. ತಿರುಗಿ ನೋಡಿ ಹೇಳಿದೆ:

"ಕಂಪ್ಯೂಟರ್ ಸರಿ ಐತೆ ಕಣೋ. ನಂಗೆ ಸರಿಯಾಗೇ ಆಡ್ತೈತಲ್ಲ."

ಆ ಮಾತು ಎಲ್ಲಿಗೆ ಹೋಗಿ ತಾಗುತ್ತದೆ ಎಂದು ನನಗೆ ಆಡುವಾಗ ಹೊಳೆದಿರಲಿಲ್ಲ — ಇದು ನಿಜ. ಆದರೆ ಆಡಿದ ಮರುಕ್ಷಣವೇ ಹೊಳೆಯಿತು. ಅದೂ ನಿಜ. ಅವನು ತೊಡೆಯ ಮೇಲಿದ್ದ ಕೈಗಳನ್ನು ಎತ್ತಿ, ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡ. ನಿಧಾನವಾಗಿ.

"ಹಂಗಾರೆ ಕೈಗೂ ಬಂತು," ಎಂದ.

ಬಾಗಿಲಲ್ಲಿ ಈರಮ್ಮ ನಿಂತಿದ್ದರು. ಒಂದು ಮಾತು ಸಾಕಿತ್ತು. ನಿನ್ನ ಕೈಗೆ ಏನೂ ಆಗಿಲ್ಲ, ಕಳ್ಳ ನಾನು — ಇಷ್ಟು ಹೇಳಿದ್ದರೆ ಬೈಗುಳ ತಿಂದು, ಕಾರ್ಡು ತಂದು ಹಾಕಿ, ಬಹುಶಃ ಗೆಳೆತನವನ್ನೂ ಕಳೆದುಕೊಂಡು ಬರುತ್ತಿದ್ದೆ. ಅದರ ಬದಲು ನಾನು ಹೇಳಿದ್ದು: "ಡಾಕ್ಟರಿಗೆ ಒಂದ್ಸಲ ತೋರ್ಸು."

"ಅದನ್ನ ಅವರ ಬಾಯಲ್ಲಿ ಕೇಳಾಕೆ ದಾವಣಗೆರೆಗ್ಯಾಕೆ ಹೋಗ್ಬೇಕು," ಎಂದ ಓಬಳೇಶ. ಹೋಗಲೇ ಇಲ್ಲ. ತಾಯಿ ಎಷ್ಟು ಹೇಳಿದರೂ ಹೋಗಲಿಲ್ಲ.

ಅವನು ಗೇಮ್ ಬಿಟ್ಟ. ಅದು ಬಿಟ್ಟದ್ದು ದೊಡ್ಡದಲ್ಲ, ಲಗ್ನಪತ್ರಿಕೆ ಬಿಟ್ಟ. ಅರ್ಜಿ ತುಂಬಿಸಿಕೊಳ್ಳಲು ಬಂದ ಹುಡುಗರನ್ನು ವಾಪಸ್ ಕಳಿಸಿದ. ತಪ್ಪು ಅಕ್ಷರ ಒತ್ತಿ ಯಾರದೋ ಕೆಲಸ ಕೆಡಿಸಿಬಿಟ್ಟೇನು ಎಂದು ತಾಯಿಗೆ ಹೇಳುತ್ತಿದ್ದನಂತೆ. ಉಣ್ಣಲು ಕೈ ಏಳುತ್ತಿದ್ದರೂ ಬೆರಳಿನ ಚುರುಕು ಹೋಗಿದೆ ಎಂದೇ ನಂಬಿದ್ದ. ಕಂಪ್ಯೂಟರಿಗೆ ಹಳೆಯ ಪಂಚೆ ಹೊದಿಸಿದರು. ನಾನು ಇತ್ತ ಆ ಕಾರ್ಡಿನಲ್ಲಿ ಆಡುತ್ತಿದ್ದೆ. ಅವನ ಗುಂಪಿನವರೇ ಒಂದು ದಿನ ಗೇಮ್‌ನಲ್ಲಿ ಸಿಕ್ಕರು. ನಾನು ಚಿತ್ರದುರ್ಗದವನೆಂದು ತಿಳಿದು ಹುಬ್ಬಳ್ಳಿಯ ಹುಡುಗ ಕೇಳಿದ: "ನಿಮ್ಮ ಕಡೆಯವನೊಬ್ಬ ಇದ್ದನಲ್ರೀ, ಭಾಳ ಚಲೋ ಆಡ್ತಿದ್ದ. ಎಲ್ಲಿ ಹೋದ?" ಗೊತ್ತಿಲ್ಲ ಎಂದೆ. ಹೆಡ್‌ಫೋನ್ ತೆಗೆದಿಟ್ಟು ತುಂಬಾ ಹೊತ್ತು ಕೂತಿದ್ದೆ. ಆಮೇಲೆ ಮತ್ತೆ ಹಾಕಿಕೊಂಡು ಆಡಿದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಹೇಸಿಗೆ ಆಗುವುದು ಇಲ್ಲಿ — ಮತ್ತೆ ಆಡಿದೆ ಎಂಬಲ್ಲಿ.

ಚಾನೆಲ್ ಏನೂ ಆಗಲಿಲ್ಲ. ಯಾರೂ ನೋಡಲಿಲ್ಲ. ವರ್ಷಗಳು ಕಳೆದವು. ನಾನು ಅವನ ಊರಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಕೋಣೆಯೊಳಗೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಹಿರಿಯೂರು ಬಸ್ ನಿಲ್ದಾಣದಲ್ಲಿ ಈರಮ್ಮ ಸಿಕ್ಕರು. ಮಗನಿಗೆ ಮಾತ್ರೆ ತರಲು ಬಂದಿದ್ದರು. "ಈಗ ತುತ್ತು ಎತ್ತಾಕೂ ಆಗಲ್ಲಪ್ಪ ಅವನಿಗೆ. ನಾನೇ ಉಣ್ಣಿಸ್ತೀನಿ," ಎಂದರು. "ಈಗ" ಎಂಬ ಆ ಮಾತು ಕಿವಿಯಲ್ಲಿ ನಿಂತುಬಿಟ್ಟಿತು. ಈಗ ಹೋಯಿತು. ಅಂದರೆ ಇಷ್ಟು ವರ್ಷ ಇತ್ತು. ಅವನು ಪಂಚೆ ಹೊದಿಸಿ ಮೂಲೆಗಿಟ್ಟ ಆ ವರ್ಷಗಳೆಲ್ಲ ಅವನ ಕೈಯಲ್ಲಿ ಬಲ ಇತ್ತು.

ಅಂದೇ ರೂಮಿಗೆ ಬಂದು ಕಾರ್ಡು ಬಿಚ್ಚಿದೆ. ಮರುದಿನ ಧರ್ಮಪುರಕ್ಕೆ ಹೋಗಿ, ಕಂಪ್ಯೂಟರ್ ಸ್ವಚ್ಛ ಮಾಡುತ್ತೇನೆಂದು ಹೇಳಿ ಒಳಗಿನದನ್ನು ಬದಲಿಸಿದೆ. ಏನು ಸರಿಹೋಗುತ್ತದೆಂದು ಹಾಗೆ ಮಾಡಿದೆನೋ — ಬುದ್ಧಿ ಕೆಟ್ಟವನ ಹಾಗೆ ಮಾಡಿದೆ. ಗೇಮ್ ಹಾಕಿದೆ. ಹೊಗೆ, ಬೆಂಕಿ, ಎದುರಿಗೆ ಜನ, ಎಲ್ಲವೂ ನೀರಿನ ಹಾಗೆ ಹರಿಯಿತು. ಅವನ ಕೈಯನ್ನು ಎತ್ತಿ ಮೌಸ್ ಮೇಲೆ ಇಟ್ಟೆ. ಬೆರಳು ಅಲ್ಲೇ ಇದ್ದವು. ಒತ್ತಲಿಲ್ಲ.

ಅವನು ಪರದೆಯನ್ನೇ ನೋಡುತ್ತಿದ್ದ. "ನಾನು ಆಡೋವಾಗ ಹಿಂಗೆ ಓಡ್ತಿರ್ಲಿಲ್ಲ ಇದು," ಎಂದ.

ಹೊಸ ಅಪ್‌ಡೇಟ್ ಬಂದಿದೆ ಎನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಹೇಳಿದೆ. ಎಲ್ಲವನ್ನೂ — ಡಬ್ಬಿ, ಬದಲಿಸಿದ ಹೆಸರು, ಖಾಲಿ ಮೈದಾನ, ಅವನ ಗುಂಪಿನವರು ಕೇಳಿದ್ದು. ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. ಮುಗಿಸಿದ ಮೇಲೂ ಗೇಮ್ ತನ್ನ ಪಾಡಿಗೆ ಸದ್ದು ಮಾಡುತ್ತಲೇ ಇತ್ತು. ಅದನ್ನು ನಿಲ್ಲಿಸುವುದೂ ನನಗೆ ತೋಚಲಿಲ್ಲ.

"ಆವತ್ತು ನನ್ ಕೈ ಸರಿ ಇತ್ತಾ?"

"ಇತ್ತು."

"ಪೂರ್ತಿ?"

"ಪೂರ್ತಿ ಸರಿ ಇತ್ತು ಓಬಳೇಶ."

ಅವನು ಅಳಲಿಲ್ಲ, ಬೈಯಲಿಲ್ಲ. ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ. "ಅವ್ವನ್ನ ಕರಿ," ಎಂದ. "ಇನ್ನೊಂದ್ಸಲ ಹೇಳು. ಅವಳ ಮುಂದೆ."

ಈರಮ್ಮ ಕುರಿ ಕೂಡುವ ರೊಪ್ಪದಲ್ಲಿದ್ದರು. ಕರೆದೆ. ಬಂದು ಹೊಸ್ತಿಲ ಬಳಿ ಕೂತರು. ಮತ್ತೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು, ಅವರಿಗೆ ಕಾರ್ಡು ಎಂದರೇನು, ಅದು ಏನು ಮಾಡುತ್ತದೆ ಎಂಬುದನ್ನೂ ಬಿಡಿಸಿ ಹೇಳಬೇಕಾಯಿತು.

"ಅಂದ್ರೆ ಅವನು ಆಗ ಸುಮ್ನೆ ಮಲಗಿದ್ನಾ?" ಎಂದು ಕೇಳಿದರು. "ಮೂರ್ಹೊತ್ತೂ ಗೋಡೆ ಕಡೆ ತಿರುಗಿ ಮಲಗ್ತಿದ್ದ. ಅದು ಸುಮ್ನೇನಾ?"

ಕ್ಷಮಿಸಿ ಎನ್ನುವ ಮಾತು ಬಂದಿತ್ತು, ಅದನ್ನು ಆ ತಾಯಿಯ ಮುಂದೆ ಇಡಲು ನಾಚಿಕೆಯಾಯಿತು. ಅವರು ಎದ್ದು ಮಂಚದ ಮೇಲೆ ಕೂತು, ಮಗನ ಕೈಯನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳನ್ನು ನೀವತೊಡಗಿದರು. ಹೋಗು ಎಂದು ನನಗೆ ಯಾರೂ ಹೇಳಲಿಲ್ಲ. ಕೂತ್ಕೋ ಎಂದೂ ಹೇಳಲಿಲ್ಲ.

ಕೈಯನ್ನು ದುಡಿಸುತ್ತಿದ್ದರೆ ಇನ್ನಷ್ಟು ಕಾಲ ಬರುತ್ತಿತ್ತೇ ಎಂದು ಆಮೇಲೆ ಒಬ್ಬ ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಬರುತ್ತಿತ್ತು ಎಂದಿದ್ದರೂ, ಇಲ್ಲ ಎಂದಿದ್ದರೂ ನನ್ನ ಭಾರ ಎಷ್ಟು ಇಳಿಯುತ್ತಿತ್ತೋ ಗೊತ್ತಿಲ್ಲ. ನಡೆದದ್ದನ್ನು ಬರೆಯಲು ಓಬಳೇಶನ ಒಪ್ಪಿಗೆ ಬೇಕೆಂದು ಫೋನ್ ಮಾಡಿದೆ. ಈರಮ್ಮ ಫೋನನ್ನು ಅವನ ಕಿವಿಗೆ ಹಿಡಿದರು.

"ಬರಿ," ಎಂದ. "ನನ್ ಕೈ ಸರಿ ಇತ್ತು ಅಂತ ಬರಿ."

ಬರೆದಿದ್ದೇನೆ. ಸರಿ ಇತ್ತು.